ಹೈಸ್ಕೂಲು ಮಕ್ಕಳು ಮತ್ತು ಸೇವೆ: ಸರ್ಟಿಫಿಕೇಟಿನ ಆಚೆಗೆ

(ಪುಣೆಯಲ್ಲಿ ನಮ್ಮ ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವೇದಿಕೆಯ ಅಧ್ಯಕ್ಷೆಯವರೇ, ಸಂಘದ ಹಿರಿಯರೇ, ಅಕ್ಕಂದಿರೇ, ತಂಗಿಯರೇ, ಮತ್ತು ಅಮ್ಮಂದಿರ ಬಲವಂತಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳೇ,

ಇವತ್ತು ನನಗೆ ಕೊಟ್ಟಿರುವ ವಿಷಯ ಹೈಸ್ಕೂಲಿನ ವಿದ್ಯಾರ್ಥಿ ಸಂಘಗಳು ಮತ್ತು ಸೇವಾ ಚಟುವಟಿಕೆಗಳು. ನಾನು ಶಿಕ್ಷಕಿಯಲ್ಲ. ಎಂ.ಟೆಕ್ ಮುಗಿಸಿ ಹಿಂಜೆವಾಡಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು, ಎಂಟನೇ ಕ್ಲಾಸಿನ ಹುಡುಗಿಯ ತಾಯಿ. ಮಾತಾಡಲು ನನಗಿರುವ ಅರ್ಹತೆ ಇಷ್ಟೇ: ಕಳೆದ ವರ್ಷ ನಮ್ಮ ಹೌಸಿಂಗ್ ಸೊಸೈಟಿಯ ಒಂಬತ್ತು ಮಕ್ಕಳು ಒಂದು ಸೇವಾ ಕೆಲಸ ನಡೆಸಿದರು, ಅದನ್ನು ನಾನು ಹತ್ತಿರದಿಂದ ನೋಡಿದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಯಾವ ಯಾವ ಸಂಘಗಳಿವೆ? ಸ್ಕೌಟ್ಸ್-ಗೈಡ್ಸ್, ಎನ್‌ಸಿಸಿ, ಜೂನಿಯರ್ ರೆಡ್ ಕ್ರಾಸ್, ಇಂಟರ‍್ಯಾಕ್ಟ್ ಕ್ಲಬ್ ಇವು ಎಲ್ಲ ಕಡೆಯೂ ಕೇಳುವ ಹೆಸರುಗಳು. ಮಹಾರಾಷ್ಟ್ರದ ಶಾಲೆಗಳಲ್ಲಿ ರಸ್ತೆ ಸುರಕ್ಷತೆಯ ಆರ್‌ಎಸ್‌ಪಿ ಇದೆ, ಹರಿತ್ ಸೇನಾ ಇದೆ. ಸಿಬಿಎಸ್‌ಇಯಲ್ಲಿ 9ರಿಂದ 12ನೇ ತರಗತಿವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಭಾಗವಾಗಿ 'ಸೇವಾ' ಎಂಬ ಹೆಸರಿನಲ್ಲೇ ಒಂದು ವಿಭಾಗವಿದೆ. ಐಸಿಎಸ್‌ಇ ಮಕ್ಕಳಿಗೆ ಎಸ್‌ಯುಪಿಡಬ್ಲ್ಯು ಮತ್ತು ಸಮುದಾಯ ಸೇವೆಯಲ್ಲಿ ಗ್ರೇಡ್ ಸಿಗಲೇಬೇಕು. ಅಂದರೆ ವ್ಯವಸ್ಥೆಗೇನೂ ಕೊರತೆಯಿಲ್ಲ. ಕಾಗದದ ಮೇಲೆ ನಮ್ಮ ಮಕ್ಕಳೆಲ್ಲ ಸೇವೆ ಮಾಡುತ್ತಲೇ ಇದ್ದಾರೆ.

ಹಾಗಾದರೆ ಮನೆಯಲ್ಲಿ ನಡೆಯುವುದೇನು? ಗುರುವಾರ ರಾತ್ರಿ ಒಂಬತ್ತೂವರೆಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬರುತ್ತದೆ: ನಾಳೆ ಪರಿಸರ ದಿನದ ಚಟುವಟಿಕೆ, ಪೋಸ್ಟರ್ ಮತ್ತು ಒಂದು ಗಿಡ ಕಳಿಸಿ, ಫೋಟೋ ಕಡ್ಡಾಯ. ಅಪ್ಪ ಗಿಡ ಹುಡುಕಲು ಹೋಗುತ್ತಾರೆ. ಅಮ್ಮ ಪೋಸ್ಟರ್ ಬರೆಯುತ್ತಾಳೆ. ಮಗು ಮಲಗಿರುತ್ತದೆ. ಮರುದಿನ ನಲವತ್ತು ಮಕ್ಕಳು ಒಂದೇ ಗುಂಡಿಯ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ವರ್ಷದ ಕೊನೆಗೆ ಸರ್ಟಿಫಿಕೇಟ್ ಬರುತ್ತದೆ, ಫೈಲಿಗೆ ಹೋಗುತ್ತದೆ. ಆ ಗಿಡ ಏನಾಯಿತು ಎಂದು ಮಗುವನ್ನು ಕೇಳಿ ನೋಡಿ. (ನೀವೆಲ್ಲ ನಗುತ್ತಿರುವುದು ನೋಡಿದರೆ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ.)

ಈ ಸಂಘಗಳು ಹುಟ್ಟಿದ್ದು ಫೋಟೋಗಾಗಿ ಅಲ್ಲ. ಇದರಲ್ಲಿ ನಮ್ಮ ನಾಡಿನವರ ಪಾಲು ಎಷ್ಟು ದೊಡ್ಡದು ಎಂದು ಮಕ್ಕಳಿಗೆ ಗೊತ್ತಿರಲಿ ಎಂದು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ಭಾರತ ಸೇವಾದಳದ ಹೆಸರು ಗೊತ್ತು. ಅದರ ಬೇರು ಹುಬ್ಬಳ್ಳಿಯಲ್ಲಿದೆ. ಧಾರವಾಡದಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರ್ ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದವರು. ಹುಬ್ಬಳ್ಳಿಯಲ್ಲಿ ತರುಣರನ್ನು ಕಟ್ಟಿಕೊಂಡು ಶಿಸ್ತಿನ ಸ್ವಯಂಸೇವಕರ ತಂಡ ಬೆಳೆಸಿದರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ಅದು ಹಿಂದೂಸ್ತಾನಿ ಸೇವಾದಳವಾಗಿ ದೇಶಕ್ಕೆಲ್ಲ ಹರಡಿತು.

ಅದರ ಮಹಿಳಾ ವಿಭಾಗವನ್ನು ಮುನ್ನಡೆಸಿದವರು ಉಮಾಬಾಯಿ ಕುಂದಾಪುರ. ಹದಿಮೂರರ ವಯಸ್ಸಿಗೆ ಮದುವೆ. ಮದುವೆಯಾದ ಮೇಲೆ ಓದಿಸಿದವರು ಮಾವ ಆನಂದರಾಯರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮುಂಬೈಯಿಂದ ಮಾವನ ಜೊತೆ ಹುಬ್ಬಳ್ಳಿಗೆ ಬಂದ ಉಮಾಬಾಯಿ ತಿಲಕ ಕನ್ಯಾಶಾಲೆಯ ಜವಾಬ್ದಾರಿ ಹೊತ್ತರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನಕ್ಕೆ 150ಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು. ಮನೆಯ ಮೂಲೆ ಬಿಟ್ಟು ಹೊರಗೆ ಕಾಲಿಡಬಾರದು ಎಂದು ಊರೇ ಹೇಳುತ್ತಿದ್ದ ಕಾಲದಲ್ಲಿ ಆ ಹೆಣ್ಣುಮಕ್ಕಳು ಸಾವಿರಾರು ಜನ ಸೇರುವ ಸಭೆಯ ವ್ಯವಸ್ಥೆಗೆ ನಿಂತರು. ಸೇವೆ ಮಾಡಲು ಹೋದ ಅವರಿಗೆ ಹೊರಗಿನ ಜಗತ್ತಿನ ಬಾಗಿಲೂ ತೆರೆಯಿತು. ಈ ಮಾತನ್ನು ನೆನಪಿಡಿ, ಹೆಣ್ಣುಮಕ್ಕಳ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಇನ್ನೊಂದು ಎಳೆ ರಾಷ್ಟ್ರೀಯ ಸೇವಾ ಯೋಜನೆಯದು, ಅಂದರೆ ಎನ್‌ಎಸ್‌ಎಸ್. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಅದನ್ನು ಆರಂಭಿಸಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್. ಅವರು ಆಗ ಬಳ್ಳಾರಿಯ ಸಂಸದರು. ಅಲ್ಲಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಶಿಬಿರ. ಒಂದು ದಿನ ಹೋಗಿ ಬಂದರೆ ಸೇವೆಯಾಗುವುದಿಲ್ಲ ಎಂಬುದು ಆ ಲೆಕ್ಕದಲ್ಲೇ ಇದೆ.

ಈಗ ನಮ್ಮ ಪುಣೆಯ ಒಂದು ಉದಾಹರಣೆ. ಸೇವೆ ಎಂದರೇನು ಎಂದು ಮಕ್ಕಳಿಗೆ ಹೇಳಲು ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ. 1990ರ ಆಸುಪಾಸಿನಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಇಲ್ಲಿ ಕಸ ಆಯುವವರಿಗೆ ಅಕ್ಷರ ಕಲಿಸಲು ಹೋದರು. ಉದ್ದೇಶ ಒಳ್ಳೆಯದೇ. ಆದರೆ ಅವರ ಜೊತೆ ಕಸದ ರಾಶಿಯ ಹತ್ತಿರ ಓಡಾಡಿ ನೋಡಿದಾಗ ಅಲ್ಲಿಯ ಅಗತ್ಯ ಬೇರೆಯೇ ಇತ್ತು. ಆ ಹೆಂಗಸರಿಗೆ ಬೇಕಾಗಿದ್ದದ್ದು ಕೊಳೆತದ್ದರ ಜೊತೆ ಬೆರೆಯದ ಒಣ ಕಸ, ಕಳ್ಳರಂತೆ ನೋಡದ ಊರು, ಮಾಡುವ ಕೆಲಸಕ್ಕೆ ಒಂದು ಗುರುತು. ಅಲ್ಲಿಂದ 1993ರಲ್ಲಿ ಬಾಬಾ ಆಢಾವರ ಮುಂದಾಳತ್ವದಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಅವರದೇ ಸಂಘಟನೆ ಹುಟ್ಟಿತು. ಮುಂದೆ 'ಸ್ವಚ್ಛ್' ಸಹಕಾರಿ ಸಂಸ್ಥೆ ಬಂತು. ನಿಮ್ಮಲ್ಲಿ ಎಷ್ಟೋ ಜನರ ಮನೆ ಬಾಗಿಲಿಗೆ ಬೆಳಿಗ್ಗೆ ಕಸಕ್ಕೆ ಬರುವ ತಾಯಿ ಅದರ ಸದಸ್ಯೆಯೇ ಇರಬಹುದು.

ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಮೊದಲು ರಿಕ್ವೈರ್‌ಮೆಂಟ್ ಕೇಳಬೇಕು. ಬಳಸುವವರನ್ನು ಕೇಳದೆ ಮಾಡಿದ ಸಾಫ್ಟ್‌ವೇರ್ ಎಷ್ಟು ಚೆಂದವಿದ್ದರೂ ಯಾರೂ ಮುಟ್ಟುವುದಿಲ್ಲ. ಸೇವೆಯ ಕತೆಯೂ ಹೀಗೆಯೇ.

ಈಗ ನಮ್ಮ ಸೊಸೈಟಿಯ ಒಂಬತ್ತು ಮಕ್ಕಳ ವಿಷಯಕ್ಕೆ ಬರುತ್ತೇನೆ. ಎಂಟು ಮತ್ತು ಒಂಬತ್ತನೇ ಕ್ಲಾಸಿನವರು, ಮೂರು ಬೇರೆ ಬೇರೆ ಶಾಲೆಗಳವರು. ಶಾಲೆಯ ಸೇವಾ ಚಟುವಟಿಕೆಗೆ ಏನಾದರೂ ಮಾಡಬೇಕಿತ್ತು. ಮನೆಗೆಲಸಕ್ಕೆ ಬರುವ ಮಾವಶಿಯರಿಗೆ ಫೋನ್ ಬಳಸುವುದನ್ನು ಕಲಿಸೋಣ ಎಂದು ಹೊರಟರು. ಭಾನುವಾರ ಸಂಜೆ ನಾಲ್ಕರಿಂದ ಐದು, ಕ್ಲಬ್ ಹೌಸಿನಲ್ಲಿ. ಮಕ್ಕಳು ನಲವತ್ತು ಸ್ಲೈಡ್ ಮಾಡಿಕೊಂಡಿದ್ದರು: ಇಂಟರ್‌ನೆಟ್ ಎಂದರೇನು, ಇಮೇಲ್ ಖಾತೆ ತೆರೆಯುವುದು ಹೇಗೆ, ಹೀಗೆ.

ಮೊದಲ ವಾರ ಆರು ಜನ ಬಂದರು. ಮೂರನೇ ಸ್ಲೈಡಿಗೆ ಒಬ್ಬರು ಕೈ ಎತ್ತಿ ಕೇಳಿದರು: ಸಂಬಳ ಹಾಕಿದ್ದೇವೆ ಅಂತಾರೆ, ಬಂದಿದೆಯೋ ಇಲ್ಲವೋ ನಾನೇ ನೋಡಿಕೊಳ್ಳುವುದು ಹೇಗೆ? ಪ್ರತಿ ಸಲ ಮಗನನ್ನು ಕೇಳಬೇಕು, ಅವನು ನಿಜ ಹೇಳುತ್ತಾನೋ ಇಲ್ಲವೋ ಗೊತ್ತಿಲ್ಲ. ಇನ್ನೊಬ್ಬರಿಗೆ ಯಾರೋ ಫೋನ್ ಮಾಡಿ, ನಿಮಗೆ ದುಡ್ಡು ಬರುತ್ತದೆ, ಪಿನ್ ಒತ್ತಿ ಎಂದಿದ್ದರಂತೆ. ಅದು ನಿಜವಾ?

ಸ್ಲೈಡ್‌ಗಳು ಅಲ್ಲಿಗೇ ನಿಂತವು. ಮಕ್ಕಳು ಒಂದು ನೋಟ್‌ಬುಕ್ ತೆಗೆದು ಎಲ್ಲರ ಪ್ರಶ್ನೆ ಬರೆದುಕೊಂಡರು. ಮುಂದಿನ ವಾರ ಉತ್ತರ ಹುಡುಕಿಕೊಂಡು ಬಂದರು. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಎಂದಿಗೂ ಬೇಡ. ಈ ಒಂದು ಮಾತನ್ನು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಹೇಳಿ ಬಾಯಿಪಾಠ ಮಾಡಿಸಿದರು. ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಎಂದು ಎಲ್ಲರ ಫೋನಿನಲ್ಲೂ ಆ ನಂಬರ್ ಸೇವ್ ಮಾಡಿಕೊಟ್ಟರು. ಓದಲು ಬಾರದವರಿಗೆ ಮಾತಾಡಿಯೇ ಹುಡುಕುವುದನ್ನು, ಮೈಕಿನ ಗುರುತು ಒತ್ತುವುದನ್ನು ತೋರಿಸಿದರು.

ಕನ್ನಡ ಎಂದೆ, ನೋಡಿ. ಅದು ಎಲ್ಲಿಂದ ಬಂತು? ಎರಡನೇ ವಾರ ಬಂದವರಲ್ಲಿ ಒಬ್ಬರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಅವರ ಮರಾಠಿ ತಡವರಿಸುತ್ತಿತ್ತು. ನನ್ನ ಮಗಳು ಸುಮ್ಮನೆ ಕನ್ನಡದಲ್ಲಿ, "ನಿಮ್ಮ ಊರು ಯಾವುದು?" ಎಂದು ಕೇಳಿದಳು. ಆ ಹೆಂಗಸು ಅವಳ ಕೈ ಹಿಡಿದುಕೊಂಡು, "ಯವ್ವಾ, ನಿನಗ ಕನ್ನಡ ಬರ್ತದೇನ?" ಎಂದರು. ಕನ್ನಡ ಮಾತಾಡು ಎಂದು ನಾನು ಮನೆಯಲ್ಲಿ ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ! ಮಗಳ ಉತ್ತರ ಯಾವಾಗಲೂ ಒಂದೇ: "ಯಾಕಮ್ಮಾ, ಇಲ್ಲಿ ಯಾರ ಜೊತೆ ಮಾತಾಡಲಿ?" ಆ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತು. ಮುಂದಿನ ವಾರ ಅಫಜಲಪುರದ ಕಡೆಯ ಇನ್ನಿಬ್ಬರು ಬಂದರು. ಈ ಊರಿನ ಕಟ್ಟಡಗಳಲ್ಲಿ, ಮನೆಗಳಲ್ಲಿ ದುಡಿಯುವ ಕನ್ನಡದ ಜನ ಎಷ್ಟಿದ್ದಾರೆ ಎಂದು ನಮಗೆ ಗೊತ್ತು. ನಮ್ಮ ಸಂಘದ ಸಭೆಗಳಿಗೆ ಅವರು ಬಂದದ್ದನ್ನು ನಾನು ನೋಡಿಲ್ಲ.

ಆ ಇಂಡಿಯ ತಾಯಿಯ ಪ್ರಶ್ನೆ ಫೋನಿನದ್ದೇ ಅಲ್ಲ. ರೇಷನ್ ಕಾರ್ಡ್ ಊರಿನದು, ಇಲ್ಲಿ ಅಕ್ಕಿ ಸಿಗುತ್ತದಾ? ಮಕ್ಕಳಿಗೆ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ವಾರವಿಡೀ ಹುಡುಕಿ, ಒಬ್ಬ ಹುಡುಗ ಅಪ್ಪನ ಜೊತೆ ರೇಷನ್ ಅಂಗಡಿಗೇ ಹೋಗಿ ಕೇಳಿ ಬಂದ. 'ಒಂದು ದೇಶ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಆಧಾರ್ ಜೋಡಣೆಯಾಗಿದ್ದರೆ, ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ದೇಶದ ಯಾವ ರಾಜ್ಯದಲ್ಲಾದರೂ ಪಡೆಯಬಹುದು. ಊರಿನಲ್ಲಿ ಉಳಿದ ಮನೆಯವರು ತಮ್ಮ ಪಾಲನ್ನು ಅಲ್ಲೇ ಪಡೆಯಬಹುದು. ಪೌರನೀತಿ ಪಾಠದಲ್ಲಿ 'ಆಹಾರ ಭದ್ರತೆ' ಎಂದು ಐದು ಅಂಕಕ್ಕೆ ಓದಿದ್ದನ್ನು ಆ ಹುಡುಗ ಅಂಗಡಿಯ ಕಟ್ಟೆಯ ಮೇಲೆ ನಿಂತು ಕಲಿತ.

ಮೂರನೇ ತಿಂಗಳಿಗೆ ಯೂನಿಟ್ ಟೆಸ್ಟ್ ಬಂತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಎರಡು ವಾರ ಬರಲಿಲ್ಲ. ಅವನ ಹತ್ತಿರ ಕಲಿಯುತ್ತಿದ್ದ ಮಾವಶಿ ಬಾಗಿಲ ಕಡೆ ನೋಡುತ್ತ, "ಮಾಝೇ ಸರ್ ಕುಠೇ ಗೇಲೇ?" ಎಂದು ಕೇಳಿದರು. ನಮ್ಮ ಸರ್ ಎಲ್ಲಿ ಹೋದರು ಅಂತ. ಹದಿನಾಲ್ಕು ವರ್ಷದ ಹುಡುಗ, ಸರ್! ಬೇರೆ ಮಕ್ಕಳು ಅವನಿಗೆ ಈ ಮಾತು ಮುಟ್ಟಿಸಿದರು. ಮರುವಾರ, ನಾಳೆ ಗಣಿತದ ಪರೀಕ್ಷೆ ಇಟ್ಟುಕೊಂಡು, ಹದಿನೈದು ನಿಮಿಷಕ್ಕೆ ಬಂದು ಹೋದ. ಯಾರೂ ಅವನಿಗೆ ಬಾ ಎಂದು ಹೇಳಿರಲಿಲ್ಲ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ಯಾರೋ ಒಬ್ಬರು ತನಗಾಗಿ ಕಾಯುತ್ತಿದ್ದಾರೆ ಎಂದು ಮಗುವಿಗೆ ಗೊತ್ತಾದ ದಿನ ಸೇವೆ ಶುರುವಾಗುತ್ತದೆ. ನಮ್ಮ ಮಕ್ಕಳಿಗಾಗಿ ನಾವು ಕಾಯುತ್ತೇವೆ, ಸ್ಕೂಲ್ ಬಸ್ ಕಾಯುತ್ತದೆ, ಟ್ಯೂಷನ್ ಟೀಚರ್ ಕಾಯುತ್ತಾರೆ. ಆದರೆ ಮಗು ಹೋಗದಿದ್ದರೆ ಬೇರೆ ಯಾರಿಗೋ ನಷ್ಟ ಎಂಬಂಥ ಸ್ಥಳ ನಮ್ಮ ಮಕ್ಕಳ ಜೀವನದಲ್ಲಿ ಒಂದಾದರೂ ಇದೆಯೇ? ಹೈಸ್ಕೂಲಿನ ಸಂಘ ಅಂಥ ಒಂದು ಸ್ಥಳವನ್ನು ಒದಗಿಸಬೇಕು.

ಹಾಗಾಗಬೇಕಾದರೆ ಕೆಲಸ ಚಿಕ್ಕದಿರಬೇಕು, ವಾರವಾರ ನಡೆಯಬೇಕು, ಮಕ್ಕಳೇ ನಡೆಸಬೇಕು. ವರ್ಷಕ್ಕೊಮ್ಮೆ ಅನಾಥಾಶ್ರಮಕ್ಕೆ ಬಸ್ಸಿನಲ್ಲಿ ಹೋಗಿ ಬಿಸ್ಕತ್ ಹಂಚಿ ಬರುವುದಕ್ಕಿಂತ, ಪಕ್ಕದ ಕಟ್ಟಡದ ಒಬ್ಬ ಅಜ್ಜಿಗೆ ವಾರಕ್ಕೊಮ್ಮೆ ಪತ್ರಿಕೆ ಓದಿ ಹೇಳುವುದು ಹೆಚ್ಚು ಕಷ್ಟ, ಹೆಚ್ಚು ಉಪಯೋಗ. ಬಿಸ್ಕತ್ ಪಡೆಯುವ ಮಗುವಿನ ಫೋಟೋ ತೆಗೆಯುವ ಮೊದಲು ಅದೇ ಜಾಗದಲ್ಲಿ ನಮ್ಮ ಮಗುವನ್ನು ಊಹಿಸಿಕೊಳ್ಳಬೇಕು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಗೊತ್ತು. ಓದು? ಎಂಟನೇ ಕ್ಲಾಸಿನಿಂದಲೇ ಜೆಇಇ ಫೌಂಡೇಷನ್ ಶುರುವಾಗುವ ಊರಿದು. ಲೆಕ್ಕ ಹಾಕೋಣ. ವಾರಕ್ಕೆ ಒಂದು ಗಂಟೆ. ಪರೀಕ್ಷೆ, ರಜೆ ಕಳೆದರೆ ವರ್ಷಕ್ಕೆ ಸುಮಾರು ನಲವತ್ತು ಗಂಟೆ. ಮಗುವಿನ ಫೋನಿನಲ್ಲಿ ಸ್ಕ್ರೀನ್ ಟೈಮ್ ತೆಗೆದು ನೋಡಿ. ಎಷ್ಟು ದಿನದಲ್ಲಿ ನಲವತ್ತು ಗಂಟೆ ಆಗುತ್ತದೆ ಎಂದು ನೀವೇ ಹೇಳಿ. ಇನ್ನೊಂದು ಮಾತು: ಕಂಪನಿಯಲ್ಲಿ ಹೊಸಬರ ಸಂದರ್ಶನ ಮಾಡುವವಳಾಗಿ ಹೇಳುತ್ತೇನೆ. ಕೋಡ್ ಬರೆಯಲು ಬರುವವರು ಬೇಕಾದಷ್ಟು ಸಿಗುತ್ತಾರೆ. ಎದುರಿನವರ ಮಾತನ್ನು ಪೂರ್ತಿ ಕೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ವಿಚಾರಿಸಿಕೊಂಡು ಬರುವವರು ಕಡಿಮೆ. ಇದನ್ನು ಕಲಿಸುವ ಕೋಚಿಂಗ್ ಕ್ಲಾಸ್ ಇನ್ನೂ ಯಾರೂ ತೆರೆದಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಇದು ಮಹಿಳಾ ವೇದಿಕೆ, ಹಾಗಾಗಿ ಬಿಚ್ಚು ಮಾತು. ಎಂಟನೇ ಕ್ಲಾಸಿನಲ್ಲಿ ಎನ್‌ಸಿಸಿಗೆ, ಗೈಡ್ಸ್‌ಗೆ ಉತ್ಸಾಹದಿಂದ ಹೆಸರು ಕೊಡುವ ಹುಡುಗಿಯರಲ್ಲಿ ಎಷ್ಟೋ ಜನ ಶಿಬಿರದ ಮಾತು ಬಂದಾಗ ಹಿಂದೆ ಸರಿಯುತ್ತಾರೆ. ಸರಿಯುವುದಲ್ಲ, ನಾವು ಸರಿಸುತ್ತೇವೆ. ಹತ್ತು ದಿನ ಹೊರಗಾ? ಬಿಸಿಲಲ್ಲಿ ಕಪ್ಪಾಗುತ್ತಾಳೆ. ಆ ದಿನಗಳು ಬಂದರೆ ಏನು ಮಾಡುತ್ತಾಳೆ? ಅದೇ ಮನೆಯಲ್ಲಿ ಅಣ್ಣನಿಗೆ ಈ ಯಾವ ಪ್ರಶ್ನೆಯೂ ಇಲ್ಲ. ಎನ್‌ಸಿಸಿಯಲ್ಲಿ ಹುಡುಗಿಯರ ವಿಭಾಗ ಶುರುವಾದದ್ದು 1949ರಲ್ಲಿ. ಇಷ್ಟು ವರ್ಷದ ಮೇಲೂ ಅನುಮತಿ ಪತ್ರಕ್ಕೆ ಸಹಿ ಹಾಕುವಾಗ ನಮ್ಮ ಕೈ ನಡುಗುತ್ತದೆ.

ನಾನು ಓದಿದ್ದು ದಾವಣಗೆರೆ ಜಿಲ್ಲೆಯ ಸರ್ಕಾರಿ ಹೈಸ್ಕೂಲಿನಲ್ಲಿ, ಗೈಡ್ ಆಗಿದ್ದೆ. ಕೊಂಡಜ್ಜಿಯ ಕೆರೆ ದಂಡೆಯ ಸ್ಕೌಟ್ ಶಿಬಿರಕ್ಕೆ ಹೋಗಲು ಅಜ್ಜಿ ಬೇಡವೆಂದರು. ಅಮ್ಮ ಮಾತಾಡಲಿಲ್ಲ, ಚೀಲ ತುಂಬಿಕೊಟ್ಟರು. ಬಟ್ಟೆಯ ಪೊಟ್ಟಣವನ್ನು ಎಲ್ಲಕ್ಕಿಂತ ಕೆಳಗಿಟ್ಟು, "ಬೇಕಾದರೆ ಟೀಚರಿಗೆ ಹೇಳು, ನಾಚ್ಕೋಬೇಡ" ಎಂದಷ್ಟೇ ಹೇಳಿದರು. ಆಮೇಲೆ ಎಂ.ಟೆಕ್‌ಗೆ ಬೇರೆ ಊರಿಗೆ, ಕೆಲಸಕ್ಕೆ ಬೇರೆ ರಾಜ್ಯಕ್ಕೆ ಹೊರಟಾಗ ಮನೆಯಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಒಮ್ಮೆ ಹೋಗಿ ಬಂದವಳು ತಾನೇ ಎನ್ನುವಂತಾಗಿತ್ತು.

ಹಾಗಂತ ಕಣ್ಣು ಮುಚ್ಚಿ ಕಳಿಸಿ ಎನ್ನುವುದಿಲ್ಲ. ಕೇಳಬೇಕಾದ್ದನ್ನು ಕೇಳಿ: ಜೊತೆಗೆ ಮಹಿಳಾ ಶಿಕ್ಷಕಿಯರು ಎಷ್ಟು ಜನ, ಶೌಚಾಲಯದ ವ್ಯವಸ್ಥೆ ಏನು, ರಾತ್ರಿ ಎಲ್ಲಿ ಮಲಗುತ್ತಾರೆ, ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು. ಸರಿಯಾದ ಉತ್ತರ ಸಿಕ್ಕ ಮೇಲೆ ಸಹಿ ಹಾಕಿ. ಉತ್ತರ ಸರಿಯಿಲ್ಲದಿದ್ದರೆ ಮಗಳನ್ನು ತಡೆಯುವ ಬದಲು ನಾಲ್ಕು ಜನ ತಾಯಂದಿರು ಸೇರಿ ಶಾಲೆಯಲ್ಲಿ ವ್ಯವಸ್ಥೆ ಸರಿಮಾಡಿಸಿ.

ಕೊನೆಯದಾಗಿ, ನಮ್ಮ ವೇದಿಕೆಯ ಮುಂದೆ ಒಂದು ಪ್ರಸ್ತಾಪ. ಬರುವ ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಸಂಘದಲ್ಲಿ ಒಂದು 'ಹೈಸ್ಕೂಲು ಬಳಗ' ಮಾಡೋಣ. ಹತ್ತು ಮಕ್ಕಳು ಸಾಕು. ಕೆಲಸ ಮೂರು.

ಒಂದು, ಕನ್ನಡ ಮಾತಾಡುವ ದುಡಿಯುವ ಹೆಂಗಸರಿಗೆ ಫೋನ್ ಪಾಠ, ಸಂಘದ ಹಾಲಿನಲ್ಲಿ, ಹದಿನೈದು ದಿನಕ್ಕೊಮ್ಮೆ.

ಎರಡು, ನಮ್ಮ ಸಂಘದ ಹಿರಿಯರ ಮನೆಗೆ ಇಬ್ಬರು ಮಕ್ಕಳು ಹೋಗಿ ಒಂದು ಗಂಟೆ ಕೂರುವುದು. ಕಣ್ಣು ಮಂಜಾದವರಿಗೆ ಮಕ್ಕಳು ಓದಿ ಹೇಳಲಿ. ಕನ್ನಡ ಓದಲು ಬಾರದ ಮಕ್ಕಳಿಗೆ ಹಿರಿಯರು ಅಕ್ಷರ ಹೇಳಿಕೊಡಲಿ. ಈ ಊರಿಗೆ ಅವರು ಬಂದ ಕಾಲದ ಕತೆಗಳನ್ನು ಮಕ್ಕಳು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಆ ಕತೆಗಳನ್ನು ಇನ್ನು ಹತ್ತು ವರ್ಷ ಬಿಟ್ಟು ಕೇಳುತ್ತೇವೆ ಎಂದರೆ ಹೇಳುವವರು ಇರುವುದಿಲ್ಲ.

ಮೂರು, ನಮ್ಮ ಗಣೇಶೋತ್ಸವದ ನಿರ್ಮಾಲ್ಯ ಮತ್ತು ರಾಜ್ಯೋತ್ಸವದ ಊಟದ ಕಸ. ಹಸಿ, ಒಣ ಬೇರೆ ಮಾಡುವುದು, ತೂಕ ಹಾಕಿ ಬರೆದಿಡುವುದು, ಮುಂದಿನ ವರ್ಷ ಎಷ್ಟು ಕಡಿಮೆಯಾಯಿತು ಎಂದು ಸಭೆಯಲ್ಲಿ ಹೇಳುವುದು ಮಕ್ಕಳ ಜವಾಬ್ದಾರಿ. ಎಲೆಯಲ್ಲಿ ಬಿಟ್ಟ ಬಿಸಿಬೇಳೆಬಾತ್ ಎಷ್ಟು ಕಿಲೋ ಎಂದು ಅವರು ಓದಿದರೆ ನಾವು ದೊಡ್ಡವರೂ ಸ್ವಲ್ಪ ಯೋಚಿಸುತ್ತೇವೆ.

ನಿಯಮಗಳು ಕೆಲವೇ. ಪ್ರತಿ ಸಲ ಇಬ್ಬರು ದೊಡ್ಡವರು ಜೊತೆಗಿರಬೇಕು, ಆದರೆ ಕೆಲಸ ಮಕ್ಕಳದೇ. ಪ್ರತಿ ಮಗುವಿಗೂ ಪೋಷಕರ ಒಪ್ಪಿಗೆ ಬೇಕು. ಯಾರ ಪಿನ್ ಆಗಲಿ, ಪಾಸ್‌ವರ್ಡ್ ಆಗಲಿ ಕೇಳಬಾರದು, ಅವರಾಗಿ ಹೇಳಲು ಬಂದರೂ ಬೇಡ ಎನ್ನಬೇಕು. ಕೇಳದೆ ಫೋಟೋ ತೆಗೆಯಬಾರದು. ಒಂದು ನೋಟ್‌ಬುಕ್ ಇರಬೇಕು: ಯಾರು ಬಂದರು, ಏನು ಕೇಳಿದರು, ಏನು ಹೇಳಿದೆವು, ಮುಂದಿನ ಸಲಕ್ಕೆ ಏನು ಹುಡುಕಬೇಕು. ಪೋಸ್ಟರ್ ಬೇಕಾದರೆ ಮಕ್ಕಳೇ ಬರೆಯಲಿ, ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ. ಅಮ್ಮಂದಿರು ಪೆನ್ ಮುಟ್ಟಬಾರದು! ಸರ್ಟಿಫಿಕೇಟ್ ಕೊಡೋಣ, ಶಾಲೆಗೆ ಬೇಕಾಗುತ್ತದೆ. ಆದರೆ ನೋಟ್‌ಬುಕ್ ನೋಡಿದ ಮೇಲೆ ಕೊಡೋಣ.

ಇಷ್ಟೂ ಹೊತ್ತು ಹಿಂದಿನ ಸಾಲಿನ ಮಕ್ಕಳು ಕೇಳಿಸಿಕೊಂಡಿದ್ದೀರಿ ಎಂದುಕೊಂಡಿದ್ದೇನೆ. ಹೆಸರು ಬರೆಸಲು ನನ್ನ ಹತ್ತಿರವೇ ಬನ್ನಿ, ಅಮ್ಮನನ್ನು ಕಳಿಸಬೇಡಿ. ನಿಮ್ಮಲ್ಲಿ ಯಾರಿಗೆ ಕನ್ನಡ ಸರಿಯಾಗಿ ಬರುವುದಿಲ್ಲವೋ ಅವರೂ ಬನ್ನಿ, ಇಂಡಿ, ಅಫಜಲಪುರದ ತಾಯಂದಿರು ಕಲಿಸುತ್ತಾರೆ.